ಪರದೇಶದಲ್ಲಿ ಬಿದ್ದು ಪೆಟ್ಟಾದರೆ

ರಜೆ ಹತ್ತಿರ ಬಂತೆಂದರೆ ಮನೆಯಲ್ಲಿ ಪಟ್ಟಿಗಳು ಶುರುವಾಗುತ್ತವೆ. ಅಜ್ಜಿಯ ಪಟ್ಟಿಯಲ್ಲಿ ಚಟ್ನಿಪುಡಿ, ಹುರಿದ ಅವಲಕ್ಕಿ, ಉಪ್ಪಿನಕಾಯಿ. ಅಮ್ಮನ ಪಟ್ಟಿಯಲ್ಲಿ ಬಟ್ಟೆ, ಸ್ವೆಟರ್, ಚಾರ್ಜರ್. ಅಪ್ಪನ ಪಟ್ಟಿಯಲ್ಲಿ ಪಾಸ್‌ಪೋರ್ಟ್, ವೀಸಾ, ಟಿಕೆಟ್. ಮಕ್ಕಳ ಪಟ್ಟಿ ಹೇಳುವುದೇ ಬೇಡ. ಇಷ್ಟು ಪಟ್ಟಿಗಳಲ್ಲಿ ಎಲ್ಲೂ ಕಾಣದ ಒಂದು ಸಾಲಿದೆ: ‘ಅಲ್ಲಿ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಏನು ಮಾಡುವುದು?’

ಕೇಳಿದರೆ ಹಿರಿಯರು ಗದರುತ್ತಾರೆ. ಹೊರಡುವ ಹೊತ್ತಿಗೆ ಅಪಶಕುನದ ಮಾತು ಯಾಕೆ ಎನ್ನುತ್ತಾರೆ. ಆದರೆ ಛತ್ರಿ ಹಿಡಿದು ಹೊರಟವರು ಮಳೆಯನ್ನು ಕರೆದಂತಾಗುವುದಿಲ್ಲವಲ್ಲ. ಇದೂ ಹಾಗೆಯೇ. ಈಗ ಅಜ್ಜ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಸಿಂಗಪುರ, ದುಬೈ, ಶ್ರೀಲಂಕಾ, ಅಮೆರಿಕ ಎಂದು ಹೊರಡುವ ಕಾಲ. ಊರಿನಲ್ಲಾದರೆ ಗುರುತಿನ ಡಾಕ್ಟರು, ಗುರುತಿನ ಆಟೋದವನು, ಪಕ್ಕದ ಮನೆಯವರು ಇರುತ್ತಾರೆ. ಅಲ್ಲಿ ಇವರು ಯಾರೂ ಇರುವುದಿಲ್ಲ. ಆದ್ದರಿಂದ ಮುಂಚೆಯೇ ಒಂದಿಷ್ಟು ತಿಳಿದುಕೊಂಡಿದ್ದರೆ ಒಳ್ಳೆಯದು.

ಬಂಡೆಯಲ್ಲಿ ಅಲ್ಲ, ತೋಟದಲ್ಲಿ

ನಮ್ಮ ಕುಟುಂಬ ಒಂದು ದಸರಾ ರಜೆಯಲ್ಲಿ ಶ್ರೀಲಂಕಾಕ್ಕೆ ಹೋಗಿತ್ತು. ನಾನು, ನನ್ನ ಪತ್ನಿ, ಮಗಳು, ಅಳಿಯ, ಹದಿಮೂರು ವರ್ಷದ ಮೊಮ್ಮಗಳು, ಒಂಬತ್ತು ವರ್ಷದ ಮೊಮ್ಮಗ. ಮೂರನೆಯ ದಿನ ಸಿಗಿರಿಯಕ್ಕೆ ಹೋದೆವು. ಕಾಡಿನ ನಡುವೆ ಸುಮಾರು 200 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತ ಬಂಡೆ ಅದು. ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ರಾಜ ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ್ದ. ಮೇಲೇರಲು ಸುಮಾರು 1200 ಮೆಟ್ಟಿಲು. ಅರ್ಧ ದಾರಿಯಲ್ಲಿ ಎರಡು ಬೃಹತ್ ಸಿಂಹದ ಪಾದಗಳಿವೆ. 1982ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ಮೆಟ್ಟಿಲುಗಳ ಲೆಕ್ಕ ಕೇಳಿಯೇ ನಾನೂ ನನ್ನ ಪತ್ನಿಯೂ ಕೆಳಗಿನ ಜಲೋದ್ಯಾನದಲ್ಲಿ ಕೂರುವುದೆಂದು ತೀರ್ಮಾನಿಸಿದ್ದೆವು. ಉಳಿದ ನಾಲ್ವರೂ ಹತ್ತಿ, ಸುಖವಾಗಿ ಇಳಿದು ಬಂದರು. ಅವರು ಬಂದದ್ದನ್ನು ಕಂಡು ನನ್ನ ಪತ್ನಿ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ಹಿಂದಿನ ರಾತ್ರಿ ಮಳೆ ಬಂದಿತ್ತು. ಹಳೆಯ ಇಟ್ಟಿಗೆಯ ಒಂದೇ ಒಂದು ಮೆಟ್ಟಿಲು, ಪಾಚಿ ಕಟ್ಟಿತ್ತು. ಕಾಲು ಜಾರಿತು. ಬೀಳುವಾಗ ಬಲಗೈ ಊರಿದಳು. ಬಂಡೆ ಹತ್ತಿದ ನಾಲ್ವರಿಗೂ ಒಂದು ಗೀರು ಇಲ್ಲ, ತೋಟದಲ್ಲಿ ಕೂತವಳ ಮಣಿಕಟ್ಟು ಸೊಟ್ಟಗಾಗಿತ್ತು.

ಮಕ್ಕಳೇ, ಇದನ್ನು ನೆನಪಿಡಿ. ಅಪಾಯವೆಂದು ನಾವು ಅಂದುಕೊಂಡ ಜಾಗದಲ್ಲಿ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಹಿರಿಯರು ಬೀಳುವುದು ಹೋಟೆಲಿನ ಬಚ್ಚಲಿನಲ್ಲಿ, ಬಸ್ಸಿನ ಮೆಟ್ಟಿಲಿನಲ್ಲಿ, ರಸ್ತೆಯಂಚಿನ ಕಟ್ಟೆಯಲ್ಲಿ, ಎಸ್ಕಲೇಟರಿನ ಕೊನೆಯಲ್ಲಿ. ಅಂಥ ಕಡೆ ಅಜ್ಜಿಯ ಕೈ ಹಿಡಿಯಿರಿ.

ಮೊದಲ ಹತ್ತು ನಿಮಿಷ

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವುದು ನಮ್ಮೆಲ್ಲರ ಸ್ವಭಾವ. ಅದನ್ನು ಮಾಡಬಾರದು. ಮೊದಲು ಬಿದ್ದ ಜಾಗದಲ್ಲೇ ಮಾತನಾಡಿಸಬೇಕು. ನಮ್ಮ ಮಗಳು ಹಾಗೆಯೇ ಮಾಡಿದಳು. ‘ಅಮ್ಮಾ, ಏಳಬೇಡ. ತಲೆಗೆ ತಾಕಿತಾ? ಕುತ್ತಿಗೆ ನೋವಿದೆಯಾ? ಸೊಂಟ? ಎರಡೂ ಕಾಲು ಅಲ್ಲಾಡಿಸು ನೋಡೋಣ’ ಎಂದು ಒಂದೊಂದಾಗಿ ಕೇಳಿದಳು. ಉತ್ತರಗಳು ಸರಿಯಾಗಿ ಬಂದವು. ಪೆಟ್ಟು ಕೈಗೆ ಮಾತ್ರ ಎಂದು ಖಚಿತವಾದ ಮೇಲೆಯೇ ಅವಳನ್ನು ನಿಧಾನವಾಗಿ ಎಬ್ಬಿಸಿ ನೆರಳಿನಲ್ಲಿ ಕೂರಿಸಿದೆವು.

ಈ ಪ್ರಶ್ನೆಗಳಿಗೆ ಕಾರಣವಿದೆ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಮಾತಿನ ತೊದಲು ಕಂಡರೆ ಅದು ತುರ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಬಿದ್ದವರು ಕಾಲೂರಲಾರದೆ, ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಅದು ಸೊಂಟದ ಬಳಿಯ ಮೂಳೆ ಮುರಿದ ಲಕ್ಷಣ. ಅಂಥವರನ್ನು ಟ್ಯಾಕ್ಸಿಗೆ ಎತ್ತಿ ಹಾಕಬಾರದು, ಆಂಬುಲೆನ್ಸ್ ಕರೆಸಬೇಕು.

ಕೈ ಮಾತ್ರವಾದರೆ ಕೆಲಸ ಸುಲಭ. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಲು ಎಳೆಯಬಾರದು, ಎಣ್ಣೆ ಹಚ್ಚಿ ನೀವಬಾರದು. ಹೇಗಿದೆಯೋ ಹಾಗೆಯೇ ಅಲ್ಲಾಡದಂತೆ ಕಟ್ಟಬೇಕು. ಅಳಿಯನ ಚೀಲದಲ್ಲಿ ನಾನು ವಿಮಾನದಲ್ಲಿ ಓದಲೆಂದು ತಂದ ಎರಡು ವಾರಪತ್ರಿಕೆಗಳಿದ್ದವು. ಅವನ್ನೇ ದೋಣಿಯ ಹಾಗೆ ಮಡಚಿ ಮುಂಗೈಗೆ ಆಸರೆ ಕೊಟ್ಟು, ಮಗಳ ದುಪಟ್ಟಾದಿಂದ ಕುತ್ತಿಗೆಗೆ ಜೋಲಿ ಕಟ್ಟಿದೆವು. ಪತ್ರಿಕೆಗೆ ಹೀಗೂ ಒಂದು ಉಪಯೋಗ. ಐಸು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಬಹುದು, ಬರಿಯ ಚರ್ಮದ ಮೇಲೆ ನೇರವಾಗಿ ಇಡಬಾರದು.

ಇನ್ನೊಂದು ಮಾತು. ಪಾಪ ಸುಸ್ತಾಗಿದೆ ಎಂದು ಕಾಫಿ, ಬಿಸ್ಕತ್ತು, ಎಳನೀರು ಕೊಡಲು ಎಲ್ಲರೂ ಮುಂದಾಗುತ್ತಾರೆ. ಮೂಳೆ ಕೂರಿಸಲು ಅರಿವಳಿಕೆ ಬೇಕಾಗಬಹುದು, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಡಾಕ್ಟರು ನೋಡುವ ತನಕ ಏನೂ ಕೊಡದಿರುವುದೇ ಕ್ಷೇಮ. ಸಕ್ಕರೆ ಕಾಯಿಲೆಯವರಾದರೆ ಆ ವಿಷಯವನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಬೇಕು.

ಬಳೆಯ ಪ್ರಶ್ನೆ

ನಮ್ಮ ಹೆಂಗಸರ ಮಣಿಕಟ್ಟಿಗೆ ಪೆಟ್ಟಾದಾಗ ಪ್ರಥಮ ಚಿಕಿತ್ಸೆಯ ಇಂಗ್ಲಿಷ್ ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಸಂಗತಿ ದೊಡ್ಡದಾಗಿ ಎದುರು ನಿಲ್ಲುತ್ತದೆ. ಅದು ಬಳೆ. ಮುರಿದ ಕೈ ಅರ್ಧ ಗಂಟೆಯೊಳಗೆ ಊದಿಕೊಳ್ಳಬಹುದು. ಬಳೆ, ಉಂಗುರ, ಗಡಿಯಾರ ಹಾಗೆಯೇ ಇದ್ದರೆ ರಕ್ತ ಸಂಚಾರಕ್ಕೆ ತಡೆಯಾಗುತ್ತದೆ. ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ನನ್ನ ಪತ್ನಿಯ ಕೈಯಲ್ಲಿ ನಾಲ್ಕು ಗಾಜಿನ ಬಳೆ, ಎರಡು ಚಿನ್ನದ ಬಳೆ ಇದ್ದವು. ನೋವನ್ನು ಹಲ್ಲು ಕಚ್ಚಿ ತಡೆದವಳು ಬಳೆ ತೆಗೆಯುವ ಮಾತಿಗೆ ಅತ್ತುಬಿಟ್ಟಳು.

‘ಬೇಡ ಕಣೇ. ಪರದೇಶದಲ್ಲಿ ಬರಿಗೈ ಮಾಡ್ಕೊಂಡು ಕೂತಿರಲಾ?’

ಮಗಳೂ ನಾನೂ ಏನು ಹೇಳುವುದೆಂದು ತಿಳಿಯದೆ ನಿಂತೆವು. ಮೊಮ್ಮಗಳು ನೀರಿನ ಬಾಟಲಿ, ಹೋಟೆಲಿನಿಂದ ತಂದ ಪುಟ್ಟ ಸೋಪು ಹಿಡಿದು ಪಕ್ಕದಲ್ಲಿ ಕೂತಳು.

‘ಅಜ್ಜಿ, ಒಂದೂ ಒಡೆಯಲ್ಲ. ಎಲ್ಲಾನೂ ನಿನ್ನ ಎಡಗೈಗೇ ಹಾಕ್ತೀನಿ. ಬಳೆ ಎಲ್ಲೂ ಹೋಗಲ್ಲ, ಪಕ್ಕದ ಮನೆಗೆ ಹೋಗ್ತಾವೆ ಅಷ್ಟೆ.’

ಅಳುತ್ತಿದ್ದವಳಿಗೆ ನಗು ಬಂತು. ನಾನು ಮೊಣಕೈ ಕೆಳಗೆ ಆಸರೆ ಹಿಡಿದೆ. ಸೋಪಿನ ನೊರೆ ಹಚ್ಚಿ ಒಂದೊಂದಾಗಿ ಬಳೆ ಜಾರಿಸಿ ಎಡಗೈಗೆ ಏರಿಸಿದಳು. ಆರರಲ್ಲಿ ಒಂದೂ ಒಡೆಯಲಿಲ್ಲ. ಇನ್ನು ಕಾಲು ಗಂಟೆ ತಡವಾಗಿದ್ದರೆ ಆ ಕೆಲಸ ಆಗುತ್ತಿರಲಿಲ್ಲ, ಕೈ ಅಷ್ಟು ಊದಿತ್ತು.

ಸೋಪಿಲ್ಲದಿದ್ದರೆ ತೆಂಗಿನೆಣ್ಣೆ ಆಗುತ್ತದೆ. ಕೂದಲಿಗೆಂದು ತಂದ ಬಾಟಲಿ ಯಾರ ಚೀಲದಲ್ಲಾದರೂ ಇದ್ದೇ ಇರುತ್ತದೆ. ಇಲ್ಲಿ ಎಣ್ಣೆ ಜಾರಿಸುವುದಕ್ಕೆ, ನೀವುವುದಕ್ಕಲ್ಲ.

ಆಂಬುಲೆನ್ಸಿನ ಸಂಖ್ಯೆ

ಮೊಮ್ಮಗ ನನ್ನ ಮೊಬೈಲು ಹಿಡಿದು ‘ತಾತ, 108 ಒತ್ತಲಾ?’ ಎಂದ. ಒಳ್ಳೆಯ ಹುಡುಗ. ಕರ್ನಾಟಕದಲ್ಲಿ 2008ರಿಂದ ‘ಆರೋಗ್ಯ ಕವಚ’ದ 108 ಎಲ್ಲರ ಬಾಯಲ್ಲಿದೆ. ಆದರೆ ಶ್ರೀಲಂಕಾದ ಸಂಖ್ಯೆ 1990. ಅದರ ಹೆಸರು ‘ಸುವ ಸೆರಿಯ’. ಅದಕ್ಕೂ ನಮಗೂ ಒಂದು ನಂಟಿದೆ. 2016ರಲ್ಲಿ ಭಾರತ ಸರ್ಕಾರದ ನೆರವಿನಿಂದ 88 ಆಂಬುಲೆನ್ಸ್‌ಗಳೊಂದಿಗೆ ಆ ಸೇವೆ ಶುರುವಾಯಿತು. ನಮ್ಮಲ್ಲಿ 108 ಸೇವೆಯನ್ನು ಕಟ್ಟಿ ಬೆಳೆಸಿದ ಹೈದರಾಬಾದಿನ ಸಂಸ್ಥೆಯೇ ಅಲ್ಲಿನ ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಈಗ ಇಡೀ ದ್ವೀಪದಲ್ಲಿ ಅದು ಉಚಿತವಾಗಿ ಓಡಾಡುತ್ತದೆ.

ನಾವು ಅದನ್ನು ಕರೆಯಲಿಲ್ಲ. ರೋಗಿ ಎಚ್ಚರವಾಗಿದ್ದಾಳೆ, ನಡೆಯುತ್ತಾಳೆ, ರಕ್ತಸ್ರಾವವಿಲ್ಲ, ಪೆಟ್ಟು ಕೈಗೆ ಮಾತ್ರ. ನಮ್ಮ ವ್ಯಾನು ಬಾಗಿಲಲ್ಲೇ ನಿಂತಿತ್ತು. ಇಂಥ ಹೊತ್ತಿನಲ್ಲಿ ಆಂಬುಲೆನ್ಸನ್ನು ಹೆಚ್ಚು ಅಗತ್ಯವಿರುವವರಿಗೆ ಬಿಡುವುದೇ ಸರಿ.

ತುರ್ತು ಸಂಖ್ಯೆಗಳದ್ದೇ ಒಂದು ಚರಿತ್ರೆ ಇದೆ. ಲಂಡನ್ನಿನಲ್ಲಿ 1935ರಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ತೀರಿಕೊಂಡರು. ಅಗ್ನಿಶಾಮಕ ದಳಕ್ಕೆ ಫೋನು ಮಾಡಿದ ನೆರೆಯವರು ದೂರವಾಣಿ ಕೇಂದ್ರದ ಸರದಿಯಲ್ಲಿ ಕಾಯಬೇಕಾಯಿತು. ಅದರ ಫಲವಾಗಿ 1937ರಲ್ಲಿ 999 ಎಂಬ ಸಂಖ್ಯೆ ಬಂತು. ಅಮೆರಿಕದ ಮೊದಲ 911 ಕರೆ ಹೋದದ್ದು 1968ರಲ್ಲಿ, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಯುರೋಪಿನ ದೇಶಗಳು 1991ರಲ್ಲಿ 112 ಎಂಬ ಒಂದೇ ಸಂಖ್ಯೆಗೆ ಒಪ್ಪಿದವು. ನಮ್ಮ ದೇಶದಲ್ಲೂ ಈಗ 112 ಇದೆ.

ಮಕ್ಕಳು ಈ ಪಟ್ಟಿಯನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಇವು ಆಂಬುಲೆನ್ಸಿಗೆ ಕರೆಯುವ ಸಂಖ್ಯೆಗಳು.

ಶ್ರೀಲಂಕಾ – 1990
ನೇಪಾಳ – 102
ಭೂತಾನ್ – 112
ಸಿಂಗಪುರ – 995
ಮಲೇಷ್ಯಾ – 999
ಥಾಯ್ಲೆಂಡ್ – 1669
ಜಪಾನ್ – 119
ದುಬೈ, ಅಬುಧಾಬಿ – 998
ಬ್ರಿಟನ್ – 999 ಅಥವಾ 112
ಯುರೋಪಿನ ಒಕ್ಕೂಟದ ದೇಶಗಳು – 112
ಅಮೆರಿಕ, ಕೆನಡಾ – 911
ಆಸ್ಟ್ರೇಲಿಯಾ – 000
ನ್ಯೂಜಿಲೆಂಡ್ – 111

ಹೊರಡುವ ಮುನ್ನ ನೀವು ಹೋಗುವ ದೇಶದ ಸಂಖ್ಯೆಯನ್ನು ಒಮ್ಮೆ ಪರೀಕ್ಷಿಸಿ ಅಜ್ಜನ ಮೊಬೈಲಿನಲ್ಲೂ ಸೇರಿಸಿ. ಕರೆ ಮಾಡಿದಾಗ ಮೊದಲು ಹೇಳಬೇಕಾದದ್ದು ಜಾಗ. ಮಧ್ಯದಲ್ಲಿ ಫೋನು ಕಡಿದುಹೋದರೂ ಅವರು ಹೊರಡಬಹುದು. ಆಮೇಲೆ ಏನಾಯಿತು, ಎಷ್ಟು ಜನರಿಗೆ, ರೋಗಿಯ ವಯಸ್ಸೆಷ್ಟು, ಎಚ್ಚರವಾಗಿದ್ದಾರೆಯೇ, ಉಸಿರಾಡುತ್ತಿದ್ದಾರೆಯೇ ಎಂದು ಹೇಳಿ. ಅವರು ಇಡು ಎನ್ನುವ ತನಕ ಫೋನು ಇಡಬೇಡಿ.

‘ಅತ ರಿದೆನವಾ’

ವ್ಯಾನಿನ ಚಾಲಕ ನಮ್ಮನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ದಾರಿಯಲ್ಲಿ ಮೊಮ್ಮಗಳು ಅವನಿಂದ ಸಿಂಹಳದ ಪದಗಳನ್ನು ಕೇಳಿ ಬರೆದುಕೊಂಡಳು. ಕೈಗೆ ಅತ. ನೋಯುತ್ತದೆ ಎನ್ನಲು ರಿದೆನವಾ. ಔಷಧಕ್ಕೆ ಬೆಹೆತ್. ಆಸ್ಪತ್ರೆಗೆ ರೋಹಲ. ಧನ್ಯವಾದಕ್ಕೆ ಸ್ತುತಿಯಿ. ನಮ್ಮ ‘ಹಸ್ತ’, ‘ಭೇಷಜ’, ‘ಸ್ತುತಿ’ಗಳ ನೆರಳು ಕಂಡಂತಾಯಿತು. ಅಜ್ಜಿ ಒಳಗೆ ಹೋಗುತ್ತಲೇ ನರ್ಸಿಗೆ ‘ಅತ ರಿದೆನವಾ’ ಎಂದಾಗ ಆಕೆ ಕಣ್ಣರಳಿಸಿ, ಕುರ್ಚಿ ಎಳೆದು ಕೊಟ್ಟಳು. ನಾಲ್ಕು ಪದ ಕಲಿತರೆ ಪರಊರಿನವರು ಪರಕೀಯರಾಗಿ ಉಳಿಯುವುದಿಲ್ಲ.

ಹಿಂದಿನ ದಿನವಷ್ಟೇ ನಾವು ಅನುರಾಧಪುರದ ಹತ್ತಿರದ ಮಿಹಿಂತಲೆಯಲ್ಲಿ ಒಂಬತ್ತನೆಯ ಶತಮಾನದ ಆಸ್ಪತ್ರೆಯ ಅವಶೇಷ ನೋಡಿದ್ದೆವು. ಅಲ್ಲಿ ಒಂದು ಕಲ್ಲಿನ ದೋಣಿಯಿದೆ. ಒಳಗೆ ಮನುಷ್ಯ ಮಲಗಿದ ಆಕಾರಕ್ಕೆ ಸರಿಯಾಗಿ ಕೊರೆದ ಕುಳಿ. ರೋಗಿಯನ್ನು ಅದರಲ್ಲಿ ಮಲಗಿಸಿ ಔಷಧಿಯ ಎಣ್ಣೆ, ಕಷಾಯ ತುಂಬುತ್ತಿದ್ದರಂತೆ. ನಾಲ್ಕನೆಯ ಶತಮಾನದ ಬುದ್ಧದಾಸನೆಂಬ ರಾಜ ಸ್ವತಃ ವೈದ್ಯನೆಂದು ಅಲ್ಲಿನ ಚರಿತ್ರೆ ಹೇಳುತ್ತದೆ. ಇದನ್ನು ಮೊಮ್ಮಗ ನೆನಪಿಸಿ, ‘ಅಜ್ಜಿ, ನಿನ್ನನ್ನೂ ಕಲ್ಲಿನ ದೋಣೀಲಿ ಮಲಗಿಸ್ತಾರಾ?’ ಎಂದು ಕೇಳಿದ್ದಕ್ಕೆ ಎಕ್ಸ್-ರೇ ಕೋಣೆಯ ಮುಂದೆ ಕೂತವರೆಲ್ಲ ನಮ್ಮ ನಗು ನೋಡಿ ನಕ್ಕರು.

ಎಕ್ಸ್-ರೇಯಲ್ಲಿ ಮಣಿಕಟ್ಟಿನ ಮೇಲಿನ ಮೂಳೆ ಮುರಿದು ಹಿಂದಕ್ಕೆ ಸರಿದದ್ದು ಕಂಡಿತು. ಇದಕ್ಕೆ ‘ಕೊಲ್ಲೀಸ್ ಮುರಿತ’ ಎನ್ನುತ್ತಾರೆ. ಅಬ್ರಹಾಂ ಕೊಲ್ಲೀಸ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯ 1814ರಲ್ಲಿ ಇದನ್ನು ವಿವರಿಸಿದ. ರಾಂಟ್‌ಜೆನ್ ಎಕ್ಸ್-ಕಿರಣ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಅದಕ್ಕೂ 81 ವರ್ಷ ಮೊದಲೇ, ಒಳಗಿನ ಮೂಳೆಯನ್ನು ನೋಡದೆ, ಬೆರಳಿನಿಂದ ಮುಟ್ಟಿಯೇ ಆತ ಹೇಳಿದ್ದ. ಬೀಳುವಾಗ ಕೈ ಊರುವ ವಯಸ್ಸಾದ ಹೆಂಗಸರಲ್ಲಿ ಇದು ಸಾಮಾನ್ಯ. ಮುಟ್ಟು ನಿಂತ ಮೇಲೆ ಮೂಳೆಯ ಸಾಂದ್ರತೆ ಕಡಿಮೆಯಾಗುವುದೇ ಕಾರಣ.

ಅಲ್ಲಿ ನೋವಿಗೆ ಚುಚ್ಚುಮದ್ದು ಕೊಟ್ಟು, ತಾತ್ಕಾಲಿಕ ಪಟ್ಟಿ ಕಟ್ಟಿ, ಕ್ಯಾಂಡಿಯ ಮೂಳೆ ತಜ್ಞರ ಬಳಿ ಹೋಗಲು ಚೀಟಿ ಬರೆದುಕೊಟ್ಟರು. ಆ ಸಂಜೆಯೇ ಕ್ಯಾಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮೂಳೆಯನ್ನು ಕೂರಿಸಿ ಪ್ಲಾಸ್ಟರ್ ಹಾಕಿದರು.

ಬೆಚ್ಚಗಾಗುವ ಪ್ಲಾಸ್ಟರ್

ಎಚ್ಚರವಾದ ಮೇಲೆ ನನ್ನ ಪತ್ನಿಯ ಮೊದಲ ಮಾತು, ‘ಕೈ ಬೆಚ್ಚಗಿದೆ’. ಇದರಲ್ಲಿ ಒಂದು ವಿಜ್ಞಾನ ಪಾಠವಿದೆ. ಜಿಪ್ಸಮ್ ಎಂಬ ಖನಿಜವನ್ನು ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಬಿಳಿ ಪುಡಿ ಉಳಿಯುತ್ತದೆ. ಪ್ಯಾರಿಸ್ಸಿನ ಮಾಂಟ್‌ಮಾರ್ಟ್ರ್ ಗುಡ್ಡದಲ್ಲಿ ಜಿಪ್ಸಮ್ ಹೇರಳವಾಗಿ ಸಿಗುತ್ತಿದ್ದುದರಿಂದ ಆ ಪುಡಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಹೆಸರು. ಅದಕ್ಕೆ ಮತ್ತೆ ನೀರು ಸೇರಿಸಿದರೆ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ, ಆಗ ಶಾಖ ಹೊರಬರುತ್ತದೆ. ಇದನ್ನು ಬಟ್ಟೆಯ ಪಟ್ಟಿಗೆ ತುಂಬಿ ಮೂಳೆಗೆ ಕಟ್ಟುವ ವಿಧಾನವನ್ನು 1850ರ ದಶಕದ ಆರಂಭದಲ್ಲಿ ತಂದವರು ಡಚ್ ಸೇನೆಯ ವೈದ್ಯ ಮಥೈಸೆನ್.

ಪ್ಲಾಸ್ಟರ್ ಹಾಕಿದ ಮೇಲೆ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿ ಇಡಬೇಕು. ಬೆರಳುಗಳನ್ನು ಗಂಟೆಗೊಮ್ಮೆ ಮಡಚಿ ಬಿಚ್ಚಬೇಕು. ತುರಿಕೆ ಬಂತೆಂದು ಸ್ಕೇಲು, ಹೇರ್‌ಪಿನ್ನು ತೂರಿಸಬಾರದು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಮಾತ್ರೆ ತೆಗೆದುಕೊಂಡರೂ ನೋವು ಏರುತ್ತಲೇ ಹೋದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಓಡಬೇಕು. ಆ ರಾತ್ರಿ ಮೊಮ್ಮಕ್ಕಳಿಬ್ಬರೂ ಪಾಳಿ ಹಾಕಿಕೊಂಡು ಅಜ್ಜಿಯ ಉಗುರಿನ ಬಣ್ಣ ನೋಡುತ್ತಿದ್ದರು. ಉಗುರನ್ನು ಒತ್ತಿ ಬಿಟ್ಟರೆ ಬಿಳುಪು ಹೋಗಿ ಕೂಡಲೇ ಕೆಂಪಾಗಬೇಕು. ಹಾಗಾದರೆ ರಕ್ತ ಸಂಚಾರ ಸರಿಯಿದೆ ಎಂದು ಲೆಕ್ಕ.

ಕಾಗದವೇ ಕಾಸು

ಇಡೀ ಜನ್ಮ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಈ ಭಾಗದಲ್ಲಿ ಹೆಚ್ಚು ಆಸಕ್ತಿ. ಓದುಗರು ಕ್ಷಮಿಸಬೇಕು.

ಪ್ರಯಾಣ ವಿಮೆ ಎಂಬುದು ಟಿಕೆಟಿನ ಜೊತೆ ಬರುವ ಬಿಟ್ಟಿ ಕಾಗದವಲ್ಲ. ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗುವವರಿಗೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಇಲ್ಲದೆ ವೀಸಾವೇ ಸಿಗದು. ಬೇರೆ ದೇಶಗಳಲ್ಲಿ ಕಡ್ಡಾಯವಿಲ್ಲದಿದ್ದರೂ ಹಿರಿಯರು ಮಾಡಿಸುವುದೇ ವಿವೇಕ. ಅಮೆರಿಕದಲ್ಲಿ 1986ರ ಒಂದು ಕಾನೂನಿನಂತೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಪರೀಕ್ಷಿಸದೆ ವಾಪಸ್ಸು ಕಳಿಸುವಂತಿಲ್ಲ. ಆದರೆ ಬಿಲ್ಲು ಆಮೇಲೆ ಬಂದೇ ಬರುತ್ತದೆ, ದೊಡ್ಡದಾಗಿಯೇ ಬರುತ್ತದೆ.

ವಿಮೆ ಕೊಳ್ಳುವಾಗ ಮೂರು ಸಂಗತಿ ನೋಡಿ. ಒಂದು, ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಮುರಿದ ಕೈಯ ಹಣಕ್ಕೂ ತಕರಾರು ಬರಬಹುದು. ಎರಡು, ಪ್ಯಾರಾಗ್ಲೈಡಿಂಗ್, ಸ್ಕೂಬಾ ಮುಂತಾದ ಸಾಹಸಗಳಲ್ಲಿ ಆದ ಪೆಟ್ಟಿಗೆ ಎಷ್ಟೋ ಪಾಲಿಸಿಗಳು ಹಣ ಕೊಡುವುದಿಲ್ಲ. ಇದನ್ನು ಮೊಮ್ಮಕ್ಕಳ ಅಪ್ಪ ಅಮ್ಮ ಓದಬೇಕು. ಮೂರು, ‘ಡಿಡಕ್ಟಿಬಲ್’ ಎಂಬ ಪದ. ಅದರ ಅರ್ಥ ಮೊದಲ ಇಷ್ಟು ಹಣ ನಿಮ್ಮದು ಎಂದು. ಪಾಲಿಸಿಯಲ್ಲಿ ಅದು 100 ಡಾಲರ್ ಎಂದಿದ್ದು ನಿಮ್ಮ ಬಿಲ್ಲು 400 ಡಾಲರ್ ಆದರೆ ಕೈಗೆ ಬರುವುದು 300. ಬಿಲ್ಲು 90 ಡಾಲರ್ ಆದರೆ ಸೊನ್ನೆ. ಮಕ್ಕಳೇ, ಇದು ವ್ಯವಕಲನ.

ಪೆಟ್ಟಾದ ದಿನವೇ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಫೋನು ಮಾಡಿ ದೂರು ಸಂಖ್ಯೆ ಪಡೆಯಬೇಕು. ಆಸ್ಪತ್ರೆಗೆ ದಾಖಲಾಗುವುದಾದರೆ ಅವರೇ ನೇರವಾಗಿ ಹಣ ಕಟ್ಟುವ ವ್ಯವಸ್ಥೆ ಇರಬಹುದು. ಹೊರರೋಗಿಯಾಗಿ ತೋರಿಸಿಕೊಂಡರೆ ಸಾಮಾನ್ಯವಾಗಿ ನಾವು ಕಟ್ಟಿ, ಊರಿಗೆ ಬಂದು ಪಡೆಯಬೇಕು. ಅಳಿಯ ವ್ಯಾನಿನಲ್ಲಿ ಕೂತೇ ಈ ಕರೆ ಮಾಡಿದ.

ಕ್ಯಾಂಡಿಯ ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಕೇಳಿದರು. ನನ್ನ ಪತ್ನಿ ಎಲ್ಲೆಡೆ ಹೇಳುವ ಹಾಗೆ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದಳು. ನಾನು ಪಾಸ್‌ಪೋರ್ಟಿನ ಪ್ರತಿಯನ್ನು ಮುಂದಿಟ್ಟೆ. ನಮ್ಮವರಿಗೆ ಹೆಸರಿನ ತೊಡಕು ಬಹಳ. ಕರೆಯುವ ಹೆಸರು ಒಂದು, ಆಧಾರಿನಲ್ಲಿ ಇನಿಷಿಯಲ್ ಇರುವ ಹೆಸರು ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರೆಲ್ಲ ಬಿಡಿಸಿ ಬರೆದದ್ದು ಮತ್ತೊಂದು. ಬಿಲ್ಲು, ಎಕ್ಸ್-ರೇ, ಔಷಧದ ಚೀಟಿ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು. ವಿಮಾ ಕಂಪನಿಯ ಗುಮಾಸ್ತನಿಗೆ ನಿಮ್ಮ ಪತ್ನಿಯ ಪರಿಚಯವಿಲ್ಲ, ಅವನ ಮುಂದಿರುವುದು ಕಾಗದ ಮಾತ್ರ.

ಜೋಪಾನವಾಗಿ ತರಬೇಕಾದ ಕಾಗದಗಳು ಇವು: ಡಾಕ್ಟರು ಬರೆದ ವರದಿ, ಎಕ್ಸ್-ರೇ ಮತ್ತು ಅದರ ವರದಿ, ಎಲ್ಲ ಮೂಲ ಬಿಲ್ಲುಗಳು, ಹಣ ಕಟ್ಟಿದ ರಸೀದಿಗಳು, ಔಷಧದ ಅಂಗಡಿಯ ಚೀಟಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನಲ್ಲಿ ವಲಸೆ ಅಧಿಕಾರಿಯ ಮುದ್ರೆ ಬಿದ್ದ ಪುಟದ ಪ್ರತಿ. ರಸ್ತೆ ಅಪಘಾತವಾದರೆ ಪೊಲೀಸ್ ದೂರಿನ ಪ್ರತಿಯೂ ಬೇಕು. ಪ್ರತಿಯೊಂದರ ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ರಸೀದಿಯ ಅಕ್ಷರ ಮಾಸಿದರೂ ಚಿತ್ರ ಉಳಿಯುತ್ತದೆ. ಪಾಸ್‌ಪೋರ್ಟನ್ನು ಮಾತ್ರ ಯಾರ ಬಳಿಯೂ ಒತ್ತೆ ಇಟ್ಟಂತೆ ಬಿಟ್ಟು ಬರಬೇಡಿ, ಪ್ರತಿ ಕೊಡಿ.

ನಮ್ಮ ಹಣ ಡಿಡಕ್ಟಿಬಲ್ ಕಳೆದು ಬಂತು. ಒಂದೇ ಒಂದು ಕಾಗದವನ್ನೂ ಅವರು ಎರಡನೆಯ ಸಲ ಕೇಳಲಿಲ್ಲ.

ದೂತಾವಾಸ ಏನು ಮಾಡುತ್ತದೆ?

ಮಗಳು ಭಾರತೀಯ ಹೈಕಮಿಷನ್ನಿನ ಫೋನು ಸಂಖ್ಯೆಯನ್ನೂ ಬರೆದುಕೊಂಡಿದ್ದಳು. ಕಾಮನ್‌ವೆಲ್ತ್ ದೇಶಗಳು ಒಂದರಲ್ಲೊಂದು ಇಟ್ಟಿರುವ ದೂತಾವಾಸಕ್ಕೆ ಹೈಕಮಿಷನ್ ಎನ್ನುತ್ತಾರೆ. ಕೊಲಂಬೊದಲ್ಲಿ ಮುಖ್ಯ ಕಚೇರಿ, ಕ್ಯಾಂಡಿಯಲ್ಲಿ ಸಹಾಯಕ ಹೈಕಮಿಷನ್ ಇದೆ. ನಮಗೆ ಬೇಕಾಗಲಿಲ್ಲ. ಆದರೆ ಪಾಸ್‌ಪೋರ್ಟ್ ಕಳೆದರೆ, ಭಾಷೆ ತಿಳಿಯದ ಊರಿನಲ್ಲಿ ಗಂಭೀರ ಅಪಘಾತವಾದರೆ, ಒಬ್ಬರೇ ಇದ್ದು ಊರಿನವರಿಗೆ ಸುದ್ದಿ ಮುಟ್ಟಿಸಬೇಕಾದರೆ ಅವರೇ ದಿಕ್ಕು. ಆಸ್ಪತ್ರೆಯ ಬಿಲ್ಲು ಕಟ್ಟುವುದು ಅವರ ಕೆಲಸವಲ್ಲ. ತೀರ ಸಂಕಷ್ಟದಲ್ಲಿ ಸಿಕ್ಕವರಿಗೆ ನೆರವಾಗಲು 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದು ಇದೆ.

ಪ್ಲಾಸ್ಟರಿನೊಂದಿಗೆ ವಿಮಾನ

ಮುರಿದ ಕೈ ಮೊದಲ ಎರಡು ದಿನ ಊದಿಕೊಳ್ಳುತ್ತದೆ. ಸುತ್ತ ಬಿಗಿಯಾದ ಪ್ಲಾಸ್ಟರ್ ಇದ್ದರೆ ಒಳಗಿನ ಊತಕ್ಕೆ ಜಾಗವಿರುವುದಿಲ್ಲ. ಆದ್ದರಿಂದ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ, ಪೂರ್ತಿ ಸುತ್ತಿದ ಪ್ಲಾಸ್ಟರ್ ಹಾಕಿದ ಮೇಲೆ ಎರಡು ಗಂಟೆಗಿಂತ ಕಡಿಮೆಯ ಹಾರಾಟಕ್ಕೆ 24 ಗಂಟೆ, ಹೆಚ್ಚಿನದಕ್ಕೆ 48 ಗಂಟೆ ಕಾಯಲು ಹೇಳುತ್ತದೆ. ಅದಕ್ಕೂ ಮೊದಲು ಹೊರಡಲೇಬೇಕಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ ಸಡಿಲಿಸಬೇಕು. ಒಂದೊಂದು ವಿಮಾನ ಕಂಪನಿಯ ನಿಯಮ ಒಂದೊಂದು, ಫೋನು ಮಾಡಿ ಕೇಳಬೇಕು. ‘ಈ ರೋಗಿ ಪ್ರಯಾಣಕ್ಕೆ ಯೋಗ್ಯ’ ಎಂದು ಡಾಕ್ಟರಿಂದ ಬರೆಸಿಕೊಳ್ಳುವುದು ಒಳ್ಳೆಯದು.

ಕೊಲಂಬೊದಿಂದ ಬೆಂಗಳೂರಿಗೆ ಸುಮಾರು ಒಂದೂವರೆ ಗಂಟೆಯ ಹಾರಾಟ. ನಾವು ಮೂರು ದಿನ ಕ್ಯಾಂಡಿಯಲ್ಲೇ ಉಳಿದು, ಮೊದಲೇ ಕಾದಿರಿಸಿದ್ದ ವಿಮಾನದಲ್ಲಿಯೇ ಬಂದೆವು. ಗಾಲಿಕುರ್ಚಿಯನ್ನು ಮುಂಚೆಯೇ ಹೇಳಿಟ್ಟಿದ್ದೆವು. ಕೈ ಮುರಿದವರಿಗೆ ಗಾಲಿಕುರ್ಚಿ ಯಾಕೆ ಎನ್ನಬೇಡಿ. ವಿಮಾನ ನಿಲ್ದಾಣದ ನೂಕುನುಗ್ಗಲಿನಲ್ಲಿ ಒಂದು ಕೈ ಜೋಲಿಯಲ್ಲಿರುವವರು ಮತ್ತೆ ಬಿದ್ದರೆ ಊರಲು ಕೈ ಇರುವುದಿಲ್ಲ. ಮಾತ್ರೆಗಳು, ಡಾಕ್ಟರ ಚೀಟಿ, ಎಕ್ಸ್-ರೇ ಎಲ್ಲ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆ ಬೇರೆ ಊರಿಗೆ ಹೋಗಿಬಿಟ್ಟರೂ ಚಿಂತೆಯಿಲ್ಲ.

ಆ ಮೂರು ದಿನ ಪ್ರವಾಸ ಹಾಳಾಯಿತೆಂದು ಯಾರೂ ಅನ್ನಲಿಲ್ಲ. ಇಬ್ಬರು ಸುತ್ತಾಡಲು ಹೋದರೆ ಇಬ್ಬರು ಅಜ್ಜಿಯ ಬಳಿ ಉಳಿಯುವುದು ಎಂದು ಮಕ್ಕಳೇ ಪಾಳಿ ಮಾಡಿದರು. ಅಜ್ಜಿಗೆ ತಲೆ ಬಾಚಿದ್ದು ಮೊಮ್ಮಗಳು, ಅನ್ನ ಕಲಸಿ ಕೊಟ್ಟದ್ದು ಮೊಮ್ಮಗ. ಎಡಗೈಯಲ್ಲಿ ಉಣ್ಣುವುದು ಸರಿಯಲ್ಲವೆಂದು ಹಟ ಹಿಡಿದವಳಿಗೆ ಒಂಬತ್ತು ವರ್ಷದ ಹುಡುಗ ತುತ್ತು ಮಾಡಿ ಉಣ್ಣಿಸಿದ. ಇಷ್ಟು ದಿನ ಅವನಿಗೆ ಉಣ್ಣಿಸಿದ ಕೈ ಈಗ ವಿಶ್ರಾಂತಿಯಲ್ಲಿತ್ತು. ಆರು ವಾರದ ನಂತರ ಮೈಸೂರಿನಲ್ಲಿ ಪ್ಲಾಸ್ಟರ್ ಬಿಚ್ಚಿದರು. ಬೆರಳಿಗೆ ಚೆಂಡು ಹಿಸುಕುವ ವ್ಯಾಯಾಮ ಇನ್ನೂ ಎರಡು ತಿಂಗಳು ನಡೆಯಿತು.

ಹೊರಡುವ ಮುನ್ನ ಒಂದು ಚೀಟಿ

ಮುಂದಿನ ಪ್ರವಾಸಕ್ಕೆ ಮೊದಲು ಮಕ್ಕಳು ಒಂದು ಕೆಲಸ ಮಾಡಿ. ಅಂಚೆ ಕಾರ್ಡಿನಷ್ಟು ದೊಡ್ಡ ಕಾಗದ ತೆಗೆದುಕೊಂಡು ಅಜ್ಜ ಅಜ್ಜಿಯರ ಪಕ್ಕ ಕೂತು, ಒಬ್ಬೊಬ್ಬರಿಗೆ ಒಂದೊಂದರಂತೆ, ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರು, ವಯಸ್ಸು.
ರಕ್ತದ ಗುಂಪು.
ಇರುವ ಕಾಯಿಲೆಗಳು.
ದಿನವೂ ತೆಗೆದುಕೊಳ್ಳುವ ಔಷಧಗಳು. ಬರಿಯ ಕಂಪನಿಯ ಹೆಸರಲ್ಲ, ಮಾತ್ರೆಯ ಹಾಳೆಯ ಮೇಲೆ ಸಣ್ಣಕ್ಷರದಲ್ಲಿರುವ ಮದ್ದಿನ ಮೂಲ ಹೆಸರು. ಆ ಕಂಪನಿ ಬೇರೆ ದೇಶದಲ್ಲಿ ಇರಲಿಕ್ಕಿಲ್ಲ.
ಯಾವ ಔಷಧ ಒಗ್ಗುವುದಿಲ್ಲ.
ವಿಮೆಯ ಪಾಲಿಸಿ ಸಂಖ್ಯೆ, ಸಹಾಯವಾಣಿ.
ಆ ದೇಶದ ಆಂಬುಲೆನ್ಸ್ ಸಂಖ್ಯೆ, ಭಾರತೀಯ ದೂತಾವಾಸದ ಫೋನು.
ಉಳಿದುಕೊಂಡಿರುವ ಹೋಟೆಲಿನ ಹೆಸರು, ವಿಳಾಸ.
ಜೊತೆಯಲ್ಲಿರುವವರ ಮತ್ತು ಊರಿನಲ್ಲಿರುವ ಒಬ್ಬರ ಮೊಬೈಲ್ ಸಂಖ್ಯೆ.

ಎರಡು ಪ್ರತಿ ಮಾಡಿ. ಒಂದು ಅಜ್ಜಿಯ ಕೈಚೀಲದಲ್ಲಿ, ಒಂದು ನಿಮ್ಮ ಜೇಬಿನಲ್ಲಿ. ಬರೆಯಲು ಅರ್ಧ ಗಂಟೆ ಸಾಕು. ಅಜ್ಜನಿಗೆ ಯಾವ ಮಾತ್ರೆ ಯಾಕೆ, ಅಜ್ಜಿಗೆ ಎಂದು ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದೆಲ್ಲ ಆ ಅರ್ಧ ಗಂಟೆಯಲ್ಲಿ ನಿಮಗೆ ತಿಳಿಯುತ್ತದೆ. ಆ ಚೀಟಿ ಒಮ್ಮೆಯೂ ಬೇಕಾಗದೆ ಹಾಗೆಯೇ ವಾಪಸ್ಸು ಬಂದರೆ ಅದಕ್ಕಿಂತ ಒಳ್ಳೆಯ ಪ್ರವಾಸವಿಲ್ಲ. ಬೇಕಾದರೆ, ಅದು ಜೇಬಿನಲ್ಲೇ ಇರುತ್ತದೆ.